ಲೆಕ್ಕದ ಪುಸ್ತಕವನ್ನು ವಂಶಾವಳಿ ಎಂದು ಓದುವವರಿಗೆ

ಇಂಗ್ಲೆಂಡಿಗೆ ಆನ್‌ಸೈಟ್ ಹೋಗಿ ಬಂದ ನಮ್ಮವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ‘ಅಲ್ಲಿ ಕೂಲಿ ಮಾಡಿಕೊಂಡಿದ್ದವನ ಮರಿಮಗನೂ ಹತ್ತು ತಲೆಮಾರಿನ ಹೆಸರು ಹೇಳ್ತಾನೆ ಕಣ್ರೀ. ನಮಗೆ ಮುತ್ತಜ್ಜನ ಅಪ್ಪ ಯಾರು ಅಂದ್ರೆ ತಲೆ ಕೆರ್ಕೋತೀವಿ. ಇತಿಹಾಸಪ್ರಜ್ಞೆ ಅಂದ್ರೆ ಅವರದ್ದು.’ ಪುಣೆಯ ನಮ್ಮ ಕನ್ನಡ ಬಳಗದ ಊಟದ ಪಂಕ್ತಿಯಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳಿದವರು ನಿಟ್ಟುಸಿರು ಬಿಡುತ್ತಾರೆ, ಕೇಳಿದವರು ತಲೆ ತೂಗುತ್ತಾರೆ, ಅಷ್ಟರಲ್ಲಿ ಪಾಯಸ ಬರುತ್ತದೆ.

ನನಗೆ ಈ ಮಾತು ಒಪ್ಪಿಗೆಯಿಲ್ಲ. ಹೆಸರುಗಳು ಸಿಗುತ್ತವೆ ಎನ್ನುವುದು ನಿಜ. ಆದರೆ ಅವು ಉಳಿದ ಕಾರಣ ಬೇರೆ. ಇಂಗ್ಲೆಂಡಿನ ಹಳ್ಳಿಯ ಬಡವನನ್ನು ಯಾರೂ ನೆನಪಿಡಲೆಂದು ಬರೆದಿಡಲಿಲ್ಲ. ಅವನಿಂದ ಎಷ್ಟು ವಸೂಲಿಯಾಗಬೇಕು, ಅವನಿಗೆ ಎಷ್ಟು ಖರ್ಚಾದೀತು, ಅವನನ್ನು ಯಾವ ಊರಿಗೆ ದಾಟಿಸಬಹುದು ಎಂದು ಲೆಕ್ಕ ಹಾಕಿದರು. ಆ ಲೆಕ್ಕದ ಕಾಗದ ಉಳಿಯಿತು. ಅದನ್ನೇ ವಂಶಾವಳಿ ಎಂದು ಭಕ್ತಿಯಿಂದ ಓದಿದರೆ ಅಲ್ಲಿ ಸತ್ತವರಿಗೂ ಅನ್ಯಾಯ, ಇಲ್ಲಿ ಕುಳಿತು ಕೀಳರಿಮೆ ಪಡುವ ನಮಗೂ ಅನ್ಯಾಯ.

ಮೊದಲು ಪ್ಯಾರಿಷ್ ಎಂದರೇನು ನೋಡೋಣ. ಒಂದು ಚರ್ಚು, ಅದರ ಸುತ್ತ ಒಂದೆರಡು ಹಳ್ಳಿ, ಅಲ್ಲಲ್ಲಿ ಒಂಟಿ ತೋಟದ ಮನೆಗಳು, ಒಟ್ಟು ಮುನ್ನೂರು ನಾನೂರು ಜನ. ಹಳ್ಳಿಗಾಡಿನ ಸಣ್ಣ ಪ್ಯಾರಿಷ್ ಎಂದರೆ ಹೆಚ್ಚುಕಡಿಮೆ ಇಷ್ಟೇ. ಹೆಸರು ಚರ್ಚಿನದಾದರೂ ಕೆಲಸ ನಮ್ಮ ಗ್ರಾಮ ಪಂಚಾಯ್ತಿಯದು. ದಾರಿ ರಿಪೇರಿ, ಬಡವರ ಪಾಲನೆ, ಅದಕ್ಕೆ ಊರವರಿಂದ ಎತ್ತುವ ತೆರಿಗೆ, ಎಲ್ಲವೂ ಅದರ ತಲೆಯ ಮೇಲೆ.

1538ರ ಸೆಪ್ಟೆಂಬರಿನಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ. ಪ್ರತಿ ಪ್ಯಾರಿಷ್ಷೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ವಾರವಾರ ಪುಸ್ತಕದಲ್ಲಿ ಬರೆಯಬೇಕು. ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿಡಬೇಕು. ತಪ್ಪಿದರೆ ಮೂರು ಶಿಲಿಂಗ್ ನಾಲ್ಕು ಪೆನ್ನಿ ದಂಡ. ಇಂಥದ್ದನ್ನು ಕೇಳಿದ ಹಳ್ಳಿಗರಿಗೆ ತಕ್ಷಣ ಬರುವ ಅನುಮಾನ ಒಂದೇ: ತೆರಿಗೆ. ಹುಟ್ಟಿಗೂ ಸಾವಿಗೂ ತೆರಿಗೆ ಹಾಕುತ್ತಾರಂತೆ ಎಂಬ ಗಾಳಿಸುದ್ದಿ 1536ರ ಉತ್ತರ ಇಂಗ್ಲೆಂಡಿನ ದಂಗೆಯ ಹೊತ್ತಿಗೇ ಹಬ್ಬಿತ್ತು. ಹಳ್ಳಿಗರ ಅನುಮಾನ ಪೂರ್ತಿ ಸುಳ್ಳೂ ಆಗಲಿಲ್ಲ. 1695ರಲ್ಲಿ ಫ್ರಾನ್ಸಿನ ಮೇಲಿನ ಯುದ್ಧದ ಖರ್ಚಿಗೆಂದು ಹುಟ್ಟು, ಮದುವೆ, ಸಾವು ಮೂರಕ್ಕೂ ತೆರಿಗೆ ಬಂತು. ಮತ್ತೆ 1783ರಿಂದ 1794ರವರೆಗೆ ರಿಜಿಸ್ಟರಿನ ಒಂದೊಂದು ನಮೂದಿಗೂ ಮೂರು ಪೆನ್ನಿ ಸುಂಕ ಹಾಕಿದರು. ಕಡುಬಡವರಿಗೆ ಅದರಿಂದ ವಿನಾಯಿತಿ. ಆ ವರ್ಷಗಳ ಪುಟ ತೆರೆದರೆ ಹೆಸರಿನ ಪಕ್ಕ ‘ಪಾಪರ್’ ಎಂದೋ ಬರೀ ‘ಪಿ’ ಎಂದೋ ಗುರುತು ಕಾಣುತ್ತದೆ. ‘ನಮ್ಮ ಪೂರ್ವಜರು ತೀರಾ ನಿರ್ಗತಿಕರಾಗಿದ್ದರು’ ಎಂದು ಇವತ್ತು ಮರುಗುವವರು ಆ ಮೂರು ಪೆನ್ನಿಯನ್ನು ಮರೆಯಬಾರದು. ಅದು ಬಡತನದ ಗುರುತೋ, ಪಾದ್ರಿಯ ಕರುಣೆಯೋ ಎಂದು ಆ ಒಂದಕ್ಷರವಷ್ಟೇ ಹೇಳುವುದಿಲ್ಲ.

ಹೆಣದ ಬಟ್ಟೆಯ ಕತೆ ಇದಕ್ಕಿಂತ ಸ್ವಾರಸ್ಯ. 1678ರ ಕಾನೂನಿನ ಪ್ರಕಾರ ಶವಕ್ಕೆ ಉಣ್ಣೆಯ ಬಟ್ಟೆಯನ್ನೇ ಸುತ್ತಬೇಕು, ಸುತ್ತಿದ್ದೇವೆಂದು ಎಂಟು ದಿನದೊಳಗೆ ಪ್ರಮಾಣ ಮಾಡಬೇಕು, ಇಲ್ಲವೆಂದರೆ ಐದು ಪೌಂಡ್ ದಂಡ. ಉಣ್ಣೆ ವ್ಯಾಪಾರ ಉಳಿಯಲಿ ಎಂದು ಮಾಡಿದ ಕಾನೂನು ಅದು. ಎಷ್ಟೋ ಪ್ಯಾರಿಷ್ಷುಗಳಲ್ಲಿ ಆ ಕಾಲದ ಸಾವಿನ ಪಟ್ಟಿ ಉಳಿದಿರುವುದು ಈ ಪ್ರಮಾಣಪತ್ರಗಳ ಜೊತೆಗೇ. ಪೂರ್ವಜರನ್ನು ನೆನೆಯುವ ಸಂಸ್ಕೃತಿ ಎಂದು ನಾವು ಕೊಂಡಾಡುವ ಪುಟದಲ್ಲಿ ಜವಳಿ ವ್ಯಾಪಾರದ ವಾಸನೆಯಿದೆ.

ಡೇಟಾದ ಜೊತೆ ಹೊಟ್ಟೆ ಹೊರೆಯುವವನಾದ್ದರಿಂದ ಇದರ ವಿನ್ಯಾಸವನ್ನು ನಾನು ಮೆಚ್ಚುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ. 1598ರಿಂದ ಪ್ರತಿ ವರ್ಷ ರಿಜಿಸ್ಟರಿನ ಒಂದು ಪ್ರತಿ ಬಿಷಪ್ಪನ ಕಚೇರಿಗೆ ಹೋಗಬೇಕಿತ್ತು. ನಾಲ್ಕು ಶತಮಾನದ ಹಿಂದೆಯೇ ಬ್ಯಾಕಪ್ಪು! ಚರ್ಚಿನ ಪುಸ್ತಕಕ್ಕೆ ಗೆದ್ದಲು ಹಿಡಿದರೂ ಬಿಷಪ್ಪನ ಪ್ರತಿಯಲ್ಲಿ ಹೆಸರು ಸಿಗಬಹುದು. 1754ರಿಂದ ಮದುವೆಗೆ ಅಚ್ಚಿನ ಫಾರಂ ಬಂತು; ವಧೂವರರು ಸಹಿ ಹಾಕಬೇಕು, ಬಾರದವರು ಗೀಟು ಎಳೆಯಬೇಕು. 1813ರಿಂದ ದೀಕ್ಷಾಸ್ನಾನಕ್ಕೂ ಕಾಲಂಗಳು ಬಂದವು. ಅಪ್ಪನ ಕಸುಬು, ವಾಸದ ಊರು ಎಲ್ಲ ಬರೆಯಬೇಕಾಯಿತು. 1837ರ ಜುಲೈ 1ರಿಂದ ಸರ್ಕಾರವೇ ಜನನ ಮರಣ ನೋಂದಣಿ ಶುರುಮಾಡಿತು. ಒಳ್ಳೆಯ ವ್ಯವಸ್ಥೆ. ಆದರೆ ಒಳ್ಳೆಯ ವ್ಯವಸ್ಥೆ ಬೇರೆ, ಒಳ್ಳೆಯ ಉದ್ದೇಶ ಬೇರೆ. ಹಾಜರಾತಿ ಪುಸ್ತಕ ಅಚ್ಚುಕಟ್ಟಾಗಿದೆಯೆಂದ ಮಾತ್ರಕ್ಕೆ ಕಂಪನಿಗೆ ನಮ್ಮ ಮೇಲೆ ಪ್ರೀತಿಯಿದೆ ಎಂದು ನಾವ್ಯಾರೂ ಅಂದುಕೊಳ್ಳುವುದಿಲ್ಲವಲ್ಲ.

ಇನ್ನು ಆ ‘ಹತ್ತು ತಲೆಮಾರು’. ಎರಡು ವರ್ಷ ನಾನು ಅಲ್ಲಿದ್ದಾಗ ಕ್ಲೈಂಟ್ ಕಡೆಯ ತಂಡದಲ್ಲಿ ಒಬ್ಬ ಟೆಸ್ಟರ್ ಇದ್ದ. ಮನೆತನದ ಇತಿಹಾಸದ ಹುಚ್ಚು. ಒಂದು ದಿನ ಊಟದ ಹೊತ್ತಿನಲ್ಲಿ ಹದಿನೇಳನೆಯ ಶತಮಾನಕ್ಕೆ ಹೋಗುವ ತನ್ನ ವಂಶವೃಕ್ಷವನ್ನು ಪರದೆಯ ಮೇಲೆ ತೋರಿಸಿದ. ಚಂದಾ ಕಟ್ಟುವ ಜಾಲತಾಣವೊಂದು ‘ಇವರು ನಿಮ್ಮ ಪೂರ್ವಜರಿರಬಹುದು’ ಎಂದು ಸೂಚಿಸಿದಂತೆಲ್ಲ ಅವನು ಒಪ್ಪಿಗೆ ಒತ್ತುತ್ತ ಹೋಗಿದ್ದ. ಒಂದು ಶನಿವಾರ ಅವನ ಜೊತೆ ಜಿಲ್ಲಾ ದಾಖಲೆ ಕಚೇರಿಗೆ ನಾನೂ ಹೋದೆ. ಮೂಲ ರಿಜಿಸ್ಟರಿನ ಮೈಕ್ರೋಫಿಲ್ಮ್ ತಿರುಗಿಸುತ್ತ ಹೋದಂತೆ ಗೊತ್ತಾಯಿತು, ಅವನ ವೃಕ್ಷದಲ್ಲಿ ಮದುವೆಯಾಗಿ ಆರು ಮಕ್ಕಳನ್ನು ಪಡೆದ ಜಾನ್ ಎರಡನೆಯ ವಯಸ್ಸಿನಲ್ಲೇ ತೀರಿಕೊಂಡಿದ್ದ. ಮದುವೆಯಾದವನು ಬೇರೆ ಜಾನ್. ಅದಕ್ಕೂ ಮೇಲಿನ ಐದು ತಲೆಮಾರು ಒಂದೇ ಗಳಿಗೆಯಲ್ಲಿ ಉದುರಿತು.

ಇದು ಅಪರೂಪದ ಪ್ರಕರಣವಲ್ಲ. ಒಂದು ಸಣ್ಣ ಪ್ಯಾರಿಷ್ಷಿನಲ್ಲಿ ಗಂಡಸರು ಜಾನ್, ವಿಲಿಯಂ, ಥಾಮಸ್. ಹೆಂಗಸರು ಮೇರಿ, ಎಲಿಜಬೆತ್, ಆನ್. ಅಣ್ಣತಮ್ಮಂದಿರಿಬ್ಬರೂ ಮಗನಿಗೆ ತಾತನ ಹೆಸರನ್ನೇ ಇಟ್ಟರೆ ಒಂದೇ ವರ್ಷ ಒಂದೇ ಹೆಸರಿನ ಇಬ್ಬರು. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದೂ ರೂಢಿ. 1752ಕ್ಕೆ ಮೊದಲು ಅಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ರಿಜಿಸ್ಟರಿನ 1720ರ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1721. ಇದು ಗೊತ್ತಿಲ್ಲದವರಿಗೆ ಅಕ್ಟೋಬರಿನಲ್ಲಿ ಮದುವೆಯಾದವರ ಮಗು ಅದೇ ವರ್ಷದ ಫೆಬ್ರವರಿಯಲ್ಲೇ ಹುಟ್ಟಿದಂತೆ ಕಾಣುತ್ತದೆ! 1642ರಿಂದ 1660ರ ನಡುವೆ ಅಂತರ್ಯುದ್ಧ, ರಾಜನಿಲ್ಲದ ಆಡಳಿತ. ಬಹಳ ಕಡೆ ಪುಟಗಳೇ ಇಲ್ಲ. ಕ್ವೇಕರರು, ಬ್ಯಾಪ್ಟಿಸ್ಟರು, ಕ್ಯಾಥಲಿಕರು ಈ ಪುಸ್ತಕಕ್ಕೆ ಸರಿಯಾಗಿ ಸೇರಲೇ ಇಲ್ಲ. ಹೆಂಗಸಂತೂ ಮದುವೆಯಾದ ದಿನವೇ ತವರಿನ ಹೆಸರು ಕಳೆದುಕೊಂಡು, ಸತ್ತ ದಿನ ‘ಜಾನನ ಹೆಂಡತಿ’ ಎಂದಷ್ಟೇ ಉಳಿಯುತ್ತಾಳೆ. ಇಷ್ಟು ತೂತುಗಳಿರುವ ಜರಡಿಯಲ್ಲಿ ಹತ್ತು ತಲೆಮಾರು ನಿಲ್ಲಿಸಿದ್ದೇನೆ ಎನ್ನುವವರು ಒಂದೋ ಬಹಳ ಕಷ್ಟಪಟ್ಟಿರಬೇಕು, ಇಲ್ಲವೇ ಒಪ್ಪಿಗೆ ಒತ್ತಿರಬೇಕು.

ಹಾಗಾದರೆ ಬಡವನ ಬದುಕು ನಿಜವಾಗಿ ಎಲ್ಲಿದೆ? ಚರ್ಚಿನ ಅದೇ ಪೆಟ್ಟಿಗೆಯಲ್ಲಿ, ಆದರೆ ಬೇರೆ ಕಾಗದಗಳಲ್ಲಿ. ಹೆಚ್ಚಿನವರು ಅಲ್ಲಿಯವರೆಗೆ ಹೋಗುವುದೇ ಇಲ್ಲ.

1601ರ ಕಾನೂನಿನಂತೆ ಪ್ರತಿ ಪ್ಯಾರಿಷ್ಷೂ ತನ್ನ ಬಡವರನ್ನು ತಾನೇ ಸಾಕಬೇಕು. ‘ತನ್ನ’ ಬಡವರು ಯಾರು ಎಂಬ ಪ್ರಶ್ನೆಗೆ 1662ರ ಕಾನೂನು ಉತ್ತರ ಕೊಟ್ಟಿತು. ಹೊರಗಿನಿಂದ ಬಂದು ವರ್ಷಕ್ಕೆ ಹತ್ತು ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಯಲ್ಲಿರುವವನು ಮುಂದೊಮ್ಮೆ ಊರಿಗೆ ಭಾರವಾಗಬಹುದು ಅನ್ನಿಸಿದರೆ, ನಲವತ್ತು ದಿನದೊಳಗೆ ದೂರು ಕೊಟ್ಟು, ಇಬ್ಬರು ಮ್ಯಾಜಿಸ್ಟ್ರೇಟರ ಸಹಿ ಪಡೆದು ಅವನನ್ನು ಹಿಂದಿನ ಊರಿಗೆ ಸಾಗಿಸಬಹುದು. ಗಮನಿಸಿ, ಭಾರವಾದ ಮೇಲಲ್ಲ. ಆಗಬಹುದು ಅನ್ನಿಸಿದರೆ ಸಾಕು. ಆಮೇಲೆ ಕೆಲವು ದಾರಿ ತೆರೆದವು. ಒಂದು ಊರಿನಲ್ಲಿ ತೆರಿಗೆ ಕಟ್ಟಿದರೆ, ಕಸುಬು ಕಲಿಯಲು ಕರಾರಿನ ಮೇಲೆ ಸೇರಿದ್ದರೆ, ಮದುವೆಯಾಗದೆ ಪೂರ್ತಿ ಒಂದು ವರ್ಷ ಆಳಾಗಿ ದುಡಿದಿದ್ದರೆ ಅಲ್ಲಿನವನಾಗಬಹುದಿತ್ತು. ಅದಕ್ಕೆ ರೈತರು ಕಂಡುಕೊಂಡ ಉಪಾಯವೂ ಕಾಗದದ ಮೇಲಿದೆ: ಐವತ್ತೊಂದು ವಾರಕ್ಕೆ ಮಾತ್ರ ಆಳನ್ನು ಗೊತ್ತುಮಾಡಿಕೊಳ್ಳುವುದು. ಕಾಂಟ್ರಾಕ್ಟನ್ನು ವರ್ಷ ತುಂಬುವ ಮೊದಲೇ ಮುಗಿಸಿ ಮತ್ತೆ ಶುರುಮಾಡುವ ಜಾಣತನ ನಮ್ಮ ಕಾಲದ್ದು ಅಂದುಕೊಂಡಿದ್ದಿರಾ?

ಯಾರನ್ನಾದರೂ ಓಡಿಸಬೇಕಾದಾಗ ಅವರನ್ನು ಕೂರಿಸಿ ವಿಚಾರಣೆ ಮಾಡುತ್ತಿದ್ದರು. ಎಲ್ಲಿ ಹುಟ್ಟಿದೆ, ಯಾರ ಮನೆಯಲ್ಲಿ ಎಷ್ಟು ದಿನ ದುಡಿದೆ, ಸಂಬಳವೆಷ್ಟು, ಎಲ್ಲಿ ಮದುವೆಯಾಯಿತು, ಮಕ್ಕಳೆಷ್ಟು, ವಯಸ್ಸೆಷ್ಟು. ಗುಮಾಸ್ತ ಬರೆದುಕೊಳ್ಳುತ್ತಿದ್ದ, ಕೆಳಗೆ ಆ ಮನುಷ್ಯ ಗೀಟು ಎಳೆಯುತ್ತಿದ್ದ. ಓದು ಬರಹ ಬಾರದ ಹಳ್ಳಿಯ ಕೂಲಿಯೊಬ್ಬನ ಆತ್ಮಕತೆಗೆ ಅತಿ ಹತ್ತಿರದ್ದು ಏನಾದರೂ ಇದ್ದರೆ ಅದು ಈ ಅರ್ಧ ಪುಟದ ಹೇಳಿಕೆ. ಊರು ಬಿಡಿಸುವುದಕ್ಕೆಂದು ಬರೆಸಿಕೊಂಡ ಆತ್ಮಕತೆ! ಯಾರ ತಂಟೆಗೂ ಹೋಗದೆ, ಯಾರ ಮುಂದೂ ಕೈಯೊಡ್ಡದೆ ಬದುಕಿದ ಕೂಲಿಯ ಪಾಲಿಗೆ ಬಹುಪಾಲು ಮೂರೇ ಸಾಲು: ದೀಕ್ಷಾಸ್ನಾನ, ಮದುವೆ, ಮಣ್ಣು. ಗೋರಿಕಲ್ಲು ಹಾಕಿಸುವ ತಾಕತ್ತು ಅಂಥವರಿಗಿರಲಿಲ್ಲ.

ಮದುವೆಯಾಗದೆ ಬಸುರಾದ ಹೆಂಗಸಿನ ಪಾಡು ಇನ್ನೂ ಘೋರ. ಅಂಥ ಮಗು ಹುಟ್ಟಿದ ಊರಿಗೇ ಸೇರುತ್ತದೆ ಎಂಬುದು ನಿಯಮ. ಆದ್ದರಿಂದ ಹೆರಿಗೆಗೆ ಮೊದಲೇ ಅವಳನ್ನು ಗಡಿ ದಾಟಿಸುವ ಅವಸರ. ತುಂಬಿದ ಬಸುರಿಯನ್ನು ಗಾಡಿಯಲ್ಲಿ ಕೂರಿಸಿ ಪಕ್ಕದ ಪ್ಯಾರಿಷ್ಷಿಗೆ ಬಿಟ್ಟುಬರಲು ಆದ ಖರ್ಚು ಊರಿನ ಲೆಕ್ಕದಲ್ಲಿ ಶಿಲಿಂಗು ಪೆನ್ನಿಗಳಲ್ಲಿ ಬರೆದಿರುತ್ತದೆ. ದಾಟಿಸಲಾಗದಿದ್ದರೆ ಅಪ್ಪ ಯಾರೆಂದು ಅವಳ ಬಾಯಿ ಬಿಡಿಸುತ್ತಿದ್ದರು, ಕೆಲವೊಮ್ಮೆ ಹೆರಿಗೆಯ ನೋವಿನಲ್ಲೇ, ಸೂಲಗಿತ್ತಿಯ ಮೂಲಕ. ಮಗುವಿನ ಖರ್ಚನ್ನು ಅವನ ತಲೆಗೆ ಕಟ್ಟಬೇಕಲ್ಲ. ಇವತ್ತು ಯಾರಾದರೂ ‘ಆರನೆಯ ತಲೆಮಾರಿನ ಅಜ್ಜ ಯಾರೆಂದು ಕೊನೆಗೂ ಸಿಕ್ಕಿತು’ ಎಂದು ಕುಣಿದಾಡುವ ಕಾಗದ ಎಷ್ಟೋ ಸಲ ಇದೇ ಆಗಿರುತ್ತದೆ. ಆ ಹೆಸರು ಯಾವ ಸ್ಥಿತಿಯಲ್ಲಿ, ಯಾರ ಬಾಯಿಂದ ಹೊರಬಂತೆಂದು ಕೇಳದೆ ಅದನ್ನು ವೃಕ್ಷದ ಕೊಂಬೆಗೆ ನೇತುಹಾಕುವುದು ನನ್ನ ಮಟ್ಟಿಗೆ ನಾಚಿಕೆಯ ಕೆಲಸ.

1697ರಲ್ಲಿ ಬಂದ ಕಾನೂನು ಊರಿನ ನೆರವು ಪಡೆಯುವವರ ಬಲಭುಜದ ಮೇಲೆ ಕೆಂಪು ಇಲ್ಲವೇ ನೀಲಿ ಬಟ್ಟೆಯಲ್ಲಿ ‘ಪಿ’ ಅಕ್ಷರವನ್ನೂ ಊರಿನ ಮೊದಲಕ್ಷರವನ್ನೂ ಹೊಲಿಸಿತು. ಹೆಂಡತಿ ಮಕ್ಕಳಿಗೂ ಅದೇ. ರಿಜಿಸ್ಟರಿನಲ್ಲಿ ‘ಪಿ’, ಹೆಗಲ ಮೇಲೆ ‘ಪಿ’. ಇದನ್ನು ಇತಿಹಾಸಪ್ರಜ್ಞೆ ಎನ್ನುವುದಾದರೆ ನನ್ನ ತಕರಾರು ಏನೂ ಇಲ್ಲ, ಆ ಪದಕ್ಕೆ ಬೇರೆ ಅರ್ಥ ಹುಡುಕಿಕೊಳ್ಳುತ್ತೇನೆ.

‘ಇಂಗ್ಲಿಷ್ ಹಳ್ಳಿಗರು ನೂರಾರು ವರ್ಷ ಒಂದೇ ಊರಲ್ಲಿ ಬೇರು ಬಿಟ್ಟವರು’ ಎಂಬ ಇನ್ನೊಂದು ನಂಬಿಕೆಯಿದೆ. ನಾಟಿಂಗ್‌ಹ್ಯಾಮ್‌ಷೈರಿನ ಕ್ಲೇವರ್ತ್ ಎಂಬ ಪ್ಯಾರಿಷ್ಷಿನ ಪಾದ್ರಿ ವಿಲಿಯಂ ಸ್ಯಾಂಪ್ಸನ್ 1676ರಲ್ಲೂ 1688ರಲ್ಲೂ ಮನೆಮನೆಯ ಪಟ್ಟಿ ಮಾಡಿದ್ದ. ಒಟ್ಟು ಸಂಖ್ಯೆ ಎರಡು ಸಲವೂ ಸುಮಾರು ನಾನೂರು. ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ ಮತ್ತು ಅವರ ಸಹಲೇಖಕರು 1960ರ ದಶಕದಲ್ಲಿ ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಹನ್ನೆರಡೇ ವರ್ಷದಲ್ಲಿ ಐದರಲ್ಲಿ ಮೂರು ಪಾಲು ಹೆಸರು ಬದಲಾಗಿತ್ತು. ಸತ್ತವರೂ ಹುಟ್ಟಿದವರೂ ಅದರಲ್ಲಿದ್ದಾರೆ, ಆದರೆ ಬಂದುಹೋದವರು ಬಹಳ. ಆಳುಗಳು ವರ್ಷಕ್ಕೊಂದು ಊರು ಬದಲಿಸುತ್ತಿದ್ದರು. ಒಂದೇ ಪ್ಯಾರಿಷ್ಷಿನ ರಿಜಿಸ್ಟರಿನಲ್ಲಿ ಹತ್ತು ತಲೆಮಾರು ಸಿಕ್ಕರೆ ಅದು ಬಹುಶಃ ಜಮೀನಿದ್ದ ಮನೆತನ. ಜಮೀನಿಲ್ಲದವನು ನಮ್ಮ ನಿಮ್ಮ ಹಾಗೆ ಹೊಟ್ಟೆಪಾಡಿಗೆ ಊರು ಬಿಟ್ಟವನು. ಹುಟ್ಟಿದ್ದು ಒಂದೂರು, ದುಡಿದದ್ದು ಮತ್ತೊಂದೂರು, ‘ನಿನ್ನ ಊರು ಯಾವುದು’ ಎಂದು ಅಧಿಕಾರಿ ಕೇಳಿದಾಗ ತಡವರಿಸಿದವನು. ಬಾಡಿಗೆ ಕರಾರು, ಪೊಲೀಸ್ ವೆರಿಫಿಕೇಷನ್, ಡೊಮಿಸೈಲ್ ಎಂದು ಫೈಲು ಹಿಡಿದು ಓಡಾಡಿದ ನಮಗೆ ಅವನ ಕಷ್ಟ ಬೇಗ ಅರ್ಥವಾಗಬೇಕು. ವಿಚಿತ್ರವೆಂದರೆ ನಾವು ಅವನನ್ನು ಬಿಟ್ಟು ಅವನನ್ನು ವಿಚಾರಿಸಿದ ಗುಮಾಸ್ತನನ್ನು ಮೆಚ್ಚುತ್ತೇವೆ.

‘ಕಾರಣ ಏನಾದರೂ ಇರಲಿ, ಕಾಪಾಡಿದರಲ್ಲ!’ ಎನ್ನುತ್ತೀರಿ. ಒಪ್ಪಿದೆ. 1978ರಲ್ಲಿ ಇಂಗ್ಲೆಂಡಿನ ಚರ್ಚು ಮಾಡಿಕೊಂಡ ಕಟ್ಟಳೆಯ ಪ್ರಕಾರ ನೂರು ವರ್ಷ ದಾಟಿದ ಪ್ಯಾರಿಷ್ ದಾಖಲೆಗಳನ್ನು, ಸರಿಯಾಗಿ ಇಟ್ಟುಕೊಳ್ಳುವ ವ್ಯವಸ್ಥೆಯಿಲ್ಲದಿದ್ದರೆ, ದಾಖಲೆ ಕಚೇರಿಗೆ ಒಪ್ಪಿಸಬೇಕು. ಯಾರು ಬೇಕಾದರೂ ಅಲ್ಲಿ ಹೋಗಿ ನೋಡಬಹುದು. ಸ್ವಯಂಸೇವಕರು ಸಂಜೆಯ ಹೊತ್ತು ಕೂತು ಹಳೆಯ ಕೈಬರಹ ಓದಿ, ಒಂದೊಂದೇ ಸಾಲು ಟೈಪು ಮಾಡಿ, ಫ್ರೀರೆಗ್‌ನಂಥ ಉಚಿತ ತಾಣಗಳಿಗೆ ಏರಿಸುತ್ತಾರೆ. ಕಲಿಯಬೇಕಾದ್ದು ಇವರಿಂದ. ಆದರೆ ಪಕ್ಕದಲ್ಲೇ ಇನ್ನೊಂದು ದಾರಿಯೂ ಇದೆ. 1921ರ ಜನಗಣತಿ 2022ರ ಜನವರಿಯಲ್ಲಿ ಹೊರಬಂದಾಗ ಅದರ ಒಂದೊಂದು ಚಿತ್ರಕ್ಕೂ ಒಂದು ಖಾಸಗಿ ತಾಣದಲ್ಲಿ ಮೂರೂವರೆ ಪೌಂಡ್ ಕೊಡಬೇಕಿತ್ತು. ಸ್ಕ್ಯಾನ್ ಮಾಡಲು ಖರ್ಚಿದೆ, ನಿಜ. ಆದರೂ ಆ ಮೂರು ಪೆನ್ನಿ ನೆನಪಾಗದೆ ಇರುವುದಿಲ್ಲ. ಅಂದು ಬರೆಸಲು ಸುಂಕ, ಇಂದು ಓದಲು ಸುಂಕ.

ಅದೇ ಲೇಖನಿ ನಮ್ಮ ಕಡೆಗೂ ಬಂದಿತ್ತು. ಹಳ್ಳಿಯಲ್ಲಿ ನೆಲೆ ಸಿಗದ ಎಷ್ಟೋ ಹುಡುಗರು ಸೈನ್ಯ ಸೇರಿದರು, ಕೆಲವರು ಬೆಂಗಳೂರು ದಂಡಿನವರೆಗೂ ಬಂದರು. ಅಲ್ಲಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪ್ರತಿಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋದವು. ಇವತ್ತು ಬ್ರಿಟಿಷ್ ಲೈಬ್ರರಿಯಲ್ಲಿವೆ. ಸಾಮಾನ್ಯ ಸಿಪಾಯಿಯೂ ಅಲ್ಲಿ ಸಿಗುತ್ತಾನೆ. ಅವನಿಗೆ ಅನ್ನ ಬೇಯಿಸಿದವರು, ಅವನ ಮಕ್ಕಳನ್ನು ಎತ್ತಿ ಆಡಿಸಿದ ಆಯಾ ಸಿಗುವುದಿಲ್ಲ. ಕಂಪನಿ ಕಾಲದ ನಮೂದುಗಳಲ್ಲಿ ಮಗುವಿನ ತಾಯಿ ಈ ನಾಡಿನವಳಾದರೆ ಎಷ್ಟೋ ಕಡೆ ಅವಳ ಹೆಸರೇ ಇಲ್ಲ. ಪುಸ್ತಕ ಅಚ್ಚುಕಟ್ಟಾಗಿಯೇ ಇದೆ. ಯಾರನ್ನು ಬರೆಯಬೇಕು, ಯಾರನ್ನು ಬೇಡ ಎಂಬುದೂ ಅಷ್ಟೇ ಅಚ್ಚುಕಟ್ಟು.

ಇಷ್ಟೆಲ್ಲ ಹೇಳಿದ ಮೇಲೆ ನಾನು ಮೆಚ್ಚುವ ಇಂಗ್ಲಿಷ್ ಹಳ್ಳಿಯ ಇತಿಹಾಸವೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಷ್ರಾಪ್‌ಷೈರಿನ ಮಿಡ್ಲ್ ಎಂಬ ಪ್ಯಾರಿಷ್ಷಿನ ರೈತ ರಿಚರ್ಡ್ ಗಫ್, ಅರವತ್ತೈದು ದಾಟಿದ ಮೇಲೆ, 1700ರಿಂದ ಒಂದೆರಡು ವರ್ಷದಲ್ಲಿ ತನ್ನ ಊರಿನ ಚರಿತ್ರೆ ಬರೆದ. ಅವನು ಆರಿಸಿಕೊಂಡ ಕ್ರಮವೇ ಸೊಗಸು. ಚರ್ಚಿನೊಳಗೆ ಯಾವ ಬೆಂಚು ಯಾವ ಮನೆಯವರದು ಎಂಬ ನಕ್ಷೆ ಮುಂದಿಟ್ಟುಕೊಂಡು, ಬೆಂಚಿನಿಂದ ಬೆಂಚಿಗೆ ಹೋಗುತ್ತ ಅಲ್ಲಿ ಕೂತವರ ಮನೆತನದ ಕತೆ ಹೇಳುತ್ತಾನೆ. ಬೆಂಚಿನ ಹಕ್ಕು ಜಮೀನಿಗೆ ಅಂಟಿಕೊಂಡದ್ದು, ಜಗಳವೂ ಇತ್ತು. ಅವನಿಗೂ ಲೆಕ್ಕದ ಉದ್ದೇಶ ಇರಲಿಲ್ಲವೆಂದಲ್ಲ. ಬಡವರ ವಿಷಯದಲ್ಲಿ ನೆರೆಯ ಪ್ಯಾರಿಷ್ಷುಗಳ ಜೊತೆ ನಡೆದ ವ್ಯಾಜ್ಯಗಳಿಗೆ ಅವನ ಪುಸ್ತಕದಲ್ಲಿ ಒಂದು ಭಾಗವೇ ಇದೆ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಯಾರು ಕುಡಿದು ಆಸ್ತಿ ಕಳೆದರು, ಯಾರ ಸಂಸಾರ ಹೇಗಿತ್ತು, ಎಲ್ಲ ಬರೆದ. ಅಂತರ್ಯುದ್ಧಕ್ಕೆ ಮಿಡ್ಲ್, ಮಾರ್ಟನ್, ನ್ಯೂಟನ್ ಎಂಬ ಮೂರು ಊರುಗಳಿಂದ ಇಪ್ಪತ್ತು ಜನ ಹೋದರು, ಹದಿಮೂರು ಜನ ಸತ್ತರು ಎಂದು ಲೆಕ್ಕ ಕೊಟ್ಟು, ಒಬ್ಬೊಬ್ಬರೂ ಯಾರೆಂದು ಹೇಳಿದ. ದೂರದೂರಲ್ಲಿ ಸತ್ತವರನ್ನು ಊರಿನ ಶವಸಂಸ್ಕಾರದ ಪಟ್ಟಿಯಲ್ಲಿ ಹುಡುಕಿ ಫಲವಿಲ್ಲ. ಅವರು ಉಳಿದದ್ದು ನೆರೆಯವನೊಬ್ಬ ಮರೆಯಲಿಲ್ಲವಾದ್ದರಿಂದ. ಯಾವ ರಾಜಾಜ್ಞೆಯೂ ಅವನಿಗೆ ಬರೆ ಎಂದು ಹೇಳಿರಲಿಲ್ಲ, ಬರೆಯದಿದ್ದರೆ ದಂಡವೂ ಇರಲಿಲ್ಲ.

ಆದ್ದರಿಂದ ಇಂಗ್ಲೆಂಡಿನ ಸ್ನೇಹಿತರು ಯಾರಾದರೂ ಮನೆತನ ಹುಡುಕಲು ಹೊರಟರೆ ಅವರಿಗೆ ನಾನು ಹೇಳುವುದಿಷ್ಟೇ. ನಿಮ್ಮ ಒಂದು ಸಾಲನ್ನು ಮಾತ್ರ ಮೇಲಕ್ಕೆ ಎಳೆಯಬೇಡಿ. ಆ ಪ್ಯಾರಿಷ್ಷಿನಲ್ಲಿ ಆ ಅಡ್ಡಹೆಸರಿನವರನ್ನೆಲ್ಲ ಒಟ್ಟುಮಾಡಿ, ಸತ್ತವರನ್ನು ಮೊದಲು ಹೊಡೆದುಹಾಕಿ, ಆಮೇಲೆ ಉಳಿದವರಲ್ಲಿ ನಿಮ್ಮವರು ಯಾರೆಂದು ನೋಡಿ. ಪಕ್ಕದ ಏಳೆಂಟು ಪ್ಯಾರಿಷ್ಷನ್ನೂ ನೋಡಿ. ರಿಜಿಸ್ಟರು ಮುಗಿದ ಮೇಲೆ ಊರಿನ ಲೆಕ್ಕ, ವಿಚಾರಣೆಯ ಹೇಳಿಕೆ, ಸಾಗಹಾಕಿದ ಆದೇಶಗಳನ್ನು ಕೇಳಿ ತರಿಸಿ. ಪ್ರತಿ ಕಾಗದಕ್ಕೂ ಒಂದು ಪ್ರಶ್ನೆ ಹಾಕಿ: ಇದನ್ನು ಬರೆಸಿದವರು ಯಾರು, ಬರೆದದ್ದರಿಂದ ಯಾರ ದುಡ್ಡು ಉಳಿಯಿತು? ಉತ್ತರ ಸಿಗದಿದ್ದರೆ ಆ ಜಾಗ ಖಾಲಿ ಬಿಡಿ. ಖಾಲಿ ಬಿಟ್ಟ ಜಾಗ ತಪ್ಪು ಜಾನನಿಗಿಂತ ಮೇಲು.

ಪಂಕ್ತಿಯಲ್ಲಿ ನಿಟ್ಟುಸಿರು ಬಿಡುವ ನಮ್ಮವರಿಗೆ ಹೇಳುವುದು ಬೇರೆ. ಉತ್ತರ ಕರ್ನಾಟಕದಲ್ಲಿ ಹೆಳವರು ಮನೆಬಾಗಿಲಿಗೆ ಬಂದು ವಂಶದ ಹೆಸರುಗಳನ್ನು ಹೇಳಿ ಕಾಳು ಪಡೆದು ಹೋಗುತ್ತಿದ್ದದ್ದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅದರಲ್ಲೂ ಬಿಟ್ಟುಹೋದವರು ಇದ್ದೇ ಇರುತ್ತಾರೆ. ಅದನ್ನು ಚಿನ್ನದ ತಟ್ಟೆಯಲ್ಲಿಡಿ ಎನ್ನುತ್ತಿಲ್ಲ. ಆದರೆ ಸರ್ಕಾರದ ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಇತಿಹಾಸವೇ ಇಲ್ಲ ಎಂದು ದಯವಿಟ್ಟು ಹೇಳಬೇಡಿ. ಹಾಗೆ ಹೇಳುವವರು, ಮುನ್ನೂರು ವರ್ಷದ ಹಿಂದೆ ಒಬ್ಬ ಕೂಲಿಯನ್ನು ಎದುರಿಗೆ ನಿಲ್ಲಿಸಿಕೊಂಡು ‘ಕಾಗದವೆಲ್ಲಿ?’ ಎಂದು ಕೇಳಿದವನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ.